ದಿನ ತುಂಬಿದ ಮೇಲೂ ನೋವು ಬಾರದಿದ್ದರೆ ಮನೆಯಲ್ಲಿ ಮಾಡಬಹುದಾದದ್ದು

ಹೆರಿಗೆಗೆಂದು ಡಾಕ್ಟರು ಬರೆದುಕೊಟ್ಟ ತಾರೀಖು ಕಳೆದು, ನೋವಿನ ಸುಳಿವೇ ಇಲ್ಲ ಎಂದಾಗ ಮನೆಮಂದಿಯೆಲ್ಲ ಒಂದೊಂದು ಉಪಾಯ ಹೇಳಲು ಶುರುಮಾಡುತ್ತಾರೆ. ಯಾವುದಕ್ಕೂ ಕೈಹಾಕುವ ಮೊದಲು ಆ ತಾರೀಖನ್ನೇ ಇನ್ನೊಮ್ಮೆ ನೋಡಿ. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ, ಅಂದರೆ 40 ವಾರ ಎಣಿಸಿ ಹಾಕಿದ ಅಂದಾಜು ಅದು. ಸರಿಯಾಗಿ ಅದೇ ದಿನ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಮಾತ್ರ. ಮುಟ್ಟು 35 ದಿನಕ್ಕೊಮ್ಮೆ ಆಗುವವರಲ್ಲಿ ಈ ಲೆಕ್ಕ ಒಂದು ವಾರವೇ ತಪ್ಪಬಹುದು. ಅಂಥವರು ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನಿನ ತಾರೀಖನ್ನು ಹಿಡಿಯಬೇಕು. ಕೊನೆಯ ತಿಂಗಳ ಸ್ಕ್ಯಾನ್ ಬೇರೆ ತಾರೀಖು ತೋರಿಸಿದರೆ ಅದನ್ನು ನೋಡಿ ಲೆಕ್ಕ ತಿದ್ದಬೇಡಿ, ಆ ಹೊತ್ತಿಗೆ ಮಕ್ಕಳ ಗಾತ್ರ ಒಂದೊಂದು ಥರ ಇರುತ್ತದೆ.

39 ವಾರ ಮುಗಿಯುವ ತನಕ ನೋವು ತರಿಸುವ ಯಾವ ಪ್ರಯತ್ನವೂ ಬೇಡ. 37 ವಾರಕ್ಕೆ ಮಗು ಬೆಳೆದಾಯಿತು ಎನ್ನುವವರಿದ್ದಾರೆ. ಆದರೆ ಮಿದುಳು, ಶ್ವಾಸಕೋಶ, ಯಕೃತ್ತು ಬಲಿಯುವುದು ಈ ಕೊನೆಯ ವಾರಗಳಲ್ಲಿಯೇ. ಎರಡು ವಾರ ಮೊದಲೇ ಹುಟ್ಟಿದ ಮಗುವಿಗೆ ಉಸಿರಾಟದ ತೊಂದರೆ, ಕಾಮಾಲೆ, ಹಾಲು ಎಳೆಯಲು ಶಕ್ತಿ ಸಾಲದಿರುವುದು ಹೆಚ್ಚು. ಬೆನ್ನುನೋವು, ನಿದ್ದೆಗೇಡು ಎಷ್ಟೇ ಇರಲಿ, ಆ ಎರಡು ವಾರ ಮಗುವಿನ ಪಾಲಿನದು.

ನೋವು ಏಕೆ ಬರುತ್ತದೆ ಎಂದು ತಿಳಿದರೆ ಯಾವ ಉಪಾಯಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದೂ ತಿಳಿಯುತ್ತದೆ. ಗರ್ಭಕೋಶದ ಬಾಯಿ ಒಂಬತ್ತು ತಿಂಗಳೂ ಮುಚ್ಚಿಕೊಂಡು, ಮೂಗಿನ ತುದಿಯಷ್ಟು ಗಟ್ಟಿಯಾಗಿರುತ್ತದೆ. ದಿನ ತುಂಬಿದಾಗ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುಗಳು ಅದನ್ನು ತುಟಿಯಷ್ಟು ಮೆತ್ತಗೆ ಮಾಡುತ್ತವೆ, ಅದು ಗಿಡ್ಡವಾಗುತ್ತದೆ, ತೆಳ್ಳಗಾಗುತ್ತದೆ, ಮುಂದಕ್ಕೆ ತಿರುಗುತ್ತದೆ. ಆಮೇಲೆ ಆಕ್ಸಿಟೋಸಿನ್ ಎಂಬ ಹಾರ್ಮೋನು ಗರ್ಭಕೋಶವನ್ನು ಹಿಂಡಲು ತೊಡಗುತ್ತದೆ. ಬಾಯಿ ಹಣ್ಣಾಗದೆ ಹಿಂಡಿದರೆ ದಣಿವಷ್ಟೇ ಸಿಗುತ್ತದೆ. ಒಳಪರೀಕ್ಷೆ ಮಾಡುವಾಗ ಡಾಕ್ಟರು ಬಾಯಿ ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಎಷ್ಟು ಮೆತ್ತಗಿದೆ, ಯಾವ ಕಡೆ ತಿರುಗಿದೆ, ಮಗುವಿನ ತಲೆ ಎಲ್ಲಿಗೆ ಇಳಿದಿದೆ ಎಂದು ನೋಡಿ 13ಕ್ಕೆ ಅಂಕ ಹಾಕುತ್ತಾರೆ. ಇದಕ್ಕೆ ಬಿಷಪ್ ಅಂಕ ಎನ್ನುತ್ತಾರೆ. 8 ಅಥವಾ ಅದಕ್ಕಿಂತ ಮೇಲಿದ್ದರೆ ದೇಹ ಸಿದ್ಧವಾಗಿದೆ, 6 ಅಥವಾ ಕೆಳಗಿದ್ದರೆ ಇನ್ನೂ ಕಾಯಬೇಕು. ಕೇಳಿದರೆ ಹೇಳುತ್ತಾರೆ, ಸಂಕೋಚಪಡದೆ ಕೇಳಿ. ಮನೆಯ ಉಪಾಯಗಳೆಲ್ಲ ಸಿದ್ಧವಾದ ದೇಹಕ್ಕೆ ಸಣ್ಣ ಆಸರೆ, ಸಿದ್ಧವಿಲ್ಲದ ದೇಹವನ್ನು ಅವು ಎಬ್ಬಿಸಲಾರವು.

ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಇರುವವರು, ಮಗು ಅಡ್ಡವಾಗಿ ಅಥವಾ ಕುಂಡೆ ಕೆಳಗಾಗಿ ಇರುವವರು, ಅವಳಿ ಇರುವವರು, ಮೊದಲು ಸಿಸೇರಿಯನ್ ಆದವರು, ರಕ್ತದೊತ್ತಡ ಏರಿದವರು, ಮಗುವಿನ ಬೆಳವಣಿಗೆ ಕಡಿಮೆ ಎಂದು ಹೇಳಿಸಿಕೊಂಡವರು ಡಾಕ್ಟರನ್ನು ಕೇಳದೆ ಮುಂದೆ ಹೇಳುವ ಯಾವುದನ್ನೂ ಮಾಡಬಾರದು.

ಉಳಿದವರಿಗೆ ಎಲ್ಲಕ್ಕಿಂತ ಒಳ್ಳೆಯದು ನಡಿಗೆ. ನೇರ ನಿಂತು ನಡೆಯುವಾಗ ಮಗುವಿನ ತಲೆ ಬಾಯಿಯ ಮೇಲೆ ಸಮವಾಗಿ ಒತ್ತುತ್ತದೆ. ದಿನಕ್ಕೆ ಅರ್ಧ ಗಂಟೆ, ಮಾತಾಡುತ್ತಾ ನಡೆಯಬಹುದಾದ ವೇಗದಲ್ಲಿ ಸಾಕು. ಏದುಸಿರು ಬಂದರೆ ಜಾಸ್ತಿಯಾಯಿತು ಎಂದರ್ಥ. ನೋವು ಬರಲಿ ಎಂದು ಎರಡು ಮೂರು ಗಂಟೆ ನಡೆದು, ಮೆಟ್ಟಿಲು ಹತ್ತಿಳಿದು ಸುಸ್ತಾದವರಿಗೆ ನಿಜವಾದ ನೋವು ಬಂದ ರಾತ್ರಿ ಮೈಯಲ್ಲಿ ಶಕ್ತಿಯೇ ಇರುವುದಿಲ್ಲ. ವ್ಯಾಯಾಮದ ದೊಡ್ಡ ಚೆಂಡಿದ್ದರೆ ಅದರ ಮೇಲೆ ಕೂತು ಸೊಂಟವನ್ನು ನಿಧಾನಕ್ಕೆ ಸುತ್ತು ತಿರುಗಿಸಿ. ಕೂತಾಗ ಸೊಂಟ ಮಂಡಿಗಿಂತ ತುಸು ಮೇಲಿರಬೇಕು, ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಪಕ್ಕದಲ್ಲಿ ಗೋಡೆಯೋ ಮನುಷ್ಯರೋ ಇರಬೇಕು. ನುಣುಪು ನೆಲದಲ್ಲಿ ಚೆಂಡು ಜಾರುತ್ತದೆ, ಕೆಳಗೆ ಚಾಪೆ ಹಾಸಿ. ಬೆನ್ನು ಹಿಡಿದಿದ್ದರೆ ಮಂಡಿ, ಅಂಗೈ ಊರಿ ಹತ್ತು ನಿಮಿಷ ಸೊಂಟ ಆಡಿಸಿದರೆ ಹಗುರವಾಗುತ್ತದೆ.

ತಿನ್ನುವುದರಲ್ಲಿ ಸ್ವಲ್ಪವಾದರೂ ಆಧಾರ ಇರುವುದು ಖರ್ಜೂರಕ್ಕೆ. ತಾರೀಖಿಗೆ ನಾಲ್ಕು ವಾರ ಮೊದಲಿನಿಂದ ದಿನಕ್ಕೆ ಆರು ಹಣ್ಣು ತಿಂದವರು ಆಸ್ಪತ್ರೆ ಸೇರುವಾಗ ಅವರ ಗರ್ಭಕೋಶದ ಬಾಯಿ ಹೆಚ್ಚು ತೆರೆದಿತ್ತು ಎಂದು ಅಧ್ಯಯನಗಳಲ್ಲಿ ಕಂಡಿದೆ. ಇಂದು ತಿಂದು ನಾಳೆ ನೋವು ಬರುವ ಮದ್ದಲ್ಲ ಅದು. ಬಸಿರಿನ ಸಕ್ಕರೆ ಕಾಯಿಲೆ ಇರುವವರಿಗೆ ಆರು ಖರ್ಜೂರದ ಸಿಹಿ ಜಾಸ್ತಿಯೇ, ಅವರು ಬಿಡುವುದು ಲೇಸು. ಅನಾನಸ್, ಖಾರದ ಊಟ ಇವುಗಳಿಂದ ನೋವು ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ. ಎದೆಯುರಿ ಮಾತ್ರ ಖಂಡಿತ.

ಗಂಡ ಹೆಂಡತಿ ಕೂಡುವುದರ ಬಗ್ಗೆ ಕೇಳಲು ನಾಚುವವರೇ ಹೆಚ್ಚು. ವೀರ್ಯದಲ್ಲಿ ಪ್ರೊಸ್ಟಾಗ್ಲಾಂಡಿನ್ ಇದೆ ನಿಜ, ಆದರೆ ಅದರಿಂದ ಹೆರಿಗೆ ಬೇಗ ಆಗುತ್ತದೆ ಎಂದು ಸಾಬೀತಾಗಿಲ್ಲ. ಇಬ್ಬರಿಗೂ ಮನಸ್ಸಿದ್ದರೆ ತೊಂದರೆಯಿಲ್ಲ. ನೀರಿನ ಚೀಲ ಒಡೆದು ನೀರು ಹೋಗಿದ್ದರೆ, ರಕ್ತ ಕಂಡಿದ್ದರೆ ಮಾತ್ರ ಕೂಡದು.

ಮೊಲೆತೊಟ್ಟು ಉಜ್ಜುವುದು ಇವೆಲ್ಲಕ್ಕಿಂತ ಬಲವಾದದ್ದು, ಅದಕ್ಕೇ ಹೆಚ್ಚು ಎಚ್ಚರ ಬೇಕಾದದ್ದು. ಮಗು ಹಾಲು ಕುಡಿಯುವಾಗ ಆಗುವಂತೆ ಮೈಯಲ್ಲಿ ಆಕ್ಸಿಟೋಸಿನ್ ಹರಿಯುತ್ತದೆ. ಬಾಯಿ ಹಣ್ಣಾಗಿದ್ದವರಲ್ಲಿ ಮೂರು ದಿನದೊಳಗೆ ನೋವು ಶುರುವಾಗುವ ಸಾಧ್ಯತೆ ಇದರಿಂದ ಹೆಚ್ಚುತ್ತದೆ, ಹಣ್ಣಾಗದವರಲ್ಲಿ ಪ್ರಯೋಜನವಿಲ್ಲ. ತೊಂದರೆಯ ಬಸಿರಿನವರಲ್ಲಿ ಮಾಡಿದ ಒಂದು ಪ್ರಯೋಗವನ್ನು ಮಕ್ಕಳು ಹೊಟ್ಟೆಯಲ್ಲೇ ತೀರಿಕೊಂಡದ್ದರಿಂದ ನಡುವೆಯೇ ನಿಲ್ಲಿಸಬೇಕಾಯಿತು. ಆದ್ದರಿಂದ ಡಾಕ್ಟರು ಒಪ್ಪಿದ ಮೇಲೆಯೇ ಮಾಡಿ. ಕೈ ತೊಳೆದು, ಒಂದು ಹನಿ ಎಣ್ಣೆ ಹಚ್ಚಿ, ಒಂದು ಸಲಕ್ಕೆ ಒಂದೇ ಕಡೆ, ಕಪ್ಪು ಭಾಗವೂ ಸೇರುವಂತೆ ಐದು ನಿಮಿಷ ಮೆಲ್ಲಗೆ ಉಜ್ಜಿ, ಸ್ವಲ್ಪ ಹೊತ್ತು ಬಿಟ್ಟು ಏನಾಗುತ್ತದೆ ನೋಡಿ. ಹೊಟ್ಟೆ ಗಟ್ಟಿಯಾಗತೊಡಗಿದ ಕೂಡಲೆ ಕೈ ತೆಗೆಯಬೇಕು. ಹತ್ತು ನಿಮಿಷಕ್ಕೆ ಐದಕ್ಕಿಂತ ಹೆಚ್ಚು ನೋವು ಬಂದರೆ, ಅಥವಾ ಒಂದು ನೋವು ಎರಡು ನಿಮಿಷವಾದರೂ ಬಿಡದಿದ್ದರೆ ಮಗುವಿಗೆ ರಕ್ತ ಹರಿಯುವುದು ಕಡಿಮೆಯಾಗುತ್ತದೆ. ಆಗ ಎಡಮಗ್ಗುಲಿಗೆ ಮಲಗಿ, ಆಸ್ಪತ್ರೆಗೆ ಹೊರಡಿ.

ಹರಳೆಣ್ಣೆ ಬೇಡ. ಅದರಲ್ಲಿರುವ ರಿಸಿನೋಲಿಕ್ ಆಮ್ಲ ಕರುಳನ್ನು ಹಿಂಡಿದಂತೆ ಗರ್ಭಕೋಶವನ್ನೂ ಹಿಂಡಬಲ್ಲದು, ಹಾಗಾಗಿ ಕೆಲಸವೇ ಮಾಡುವುದಿಲ್ಲ ಎನ್ನಲಾಗದು. ಎಷ್ಟು ಹಿಂಡುತ್ತದೆ ಎಂಬುದು ನಮ್ಮ ಹಿಡಿತದಲ್ಲಿಲ್ಲ, ಕುಡಿದ ಮೇಲೆ ವಾಪಸ್ ತೆಗೆಯಲೂ ಬರುವುದಿಲ್ಲ. ವಾಂತಿ, ಭೇದಿಯಿಂದ ಮೈಯ ನೀರೆಲ್ಲ ಇಳಿದು ಹೆರಿಗೆಯ ಹೊತ್ತಿಗೆ ಕೈಕಾಲು ಬಿದ್ದುಹೋಗುತ್ತವೆ. ಸಿಸೇರಿಯನ್ ಗಾಯ ಇದ್ದವರಲ್ಲಿ ಗರ್ಭಕೋಶ ಹರಿದದ್ದೂ ವರದಿಯಾಗಿದೆ. ಹೆಸರು ಗೊತ್ತಿಲ್ಲದ ಬೇರು, ಕಷಾಯಗಳ ವಿಷಯದಲ್ಲೂ ನನ್ನ ಮಾತು ಇದೇ.

ನೀರು ಹೊಟ್ಟೆತುಂಬ ಕುಡಿಯಿರಿ, ರಾತ್ರಿ ಎಡಮಗ್ಗುಲಿಗೆ ಮಲಗಿ, ಹಗಲು ಒಂದು ಗಂಟೆ ಕಣ್ಣುಮುಚ್ಚಿ. ಭಯ, ಗಡಿಬಿಡಿ ಇದ್ದರೆ ಅಡ್ರಿನಾಲಿನ್ ಏರಿ ಆಕ್ಸಿಟೋಸಿನ್ನಿಗೆ ಅಡ್ಡಬರುತ್ತದೆ. ದಿನಕ್ಕೆ ಹತ್ತು ಸಲ ಫೋನು ಮಾಡಿ “ಇನ್ನೂ ಆಗಲಿಲ್ಲವಾ” ಎಂದು ಕೇಳುವವರ ಫೋನನ್ನು ಮನೆಯ ಬೇರೆಯವರು ತೆಗೆದುಕೊಳ್ಳಲಿ. ಅದೂ ಆರೈಕೆಯೇ.

ಇದೆಲ್ಲ ಮಾಡುವಾಗಲೂ ಮಗುವಿನ ಆಟದ ಮೇಲೆ ಗಮನ ಇರಲಿ. ಊಟವಾದ ಮೇಲೆ ಮಗ್ಗುಲಿಗೆ ಮಲಗಿ ಎಣಿಸಿ, ಎರಡು ಗಂಟೆಯೊಳಗೆ ಹತ್ತು ಸಲ ಮಿಸುಕಬೇಕು. ಹೆರಿಗೆ ಹತ್ತಿರವಾದಾಗ ಮಗು ಸುಮ್ಮನಾಗುತ್ತದೆ ಎಂಬ ಮಾತು ತಪ್ಪು, ಅದನ್ನು ನಂಬಿ ಕೂತು ಮಗುವನ್ನು ಕಳೆದುಕೊಳ್ಳಬಾರದು. ಆಟ ಕಡಿಮೆಯಾದರೆ ಬೆಳಗಾಗುವ ತನಕ ಕಾಯದೆ ಹೊರಡಿ. ತಲೆ ಸಿಡಿಯುವುದು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ತಾಜಾ ರಕ್ತ ಹೋಗುವುದು, ಇವಕ್ಕೂ ಹಾಗೆಯೇ. ನೀರು ಹೋದರೆ ಗಂಟೆ ನೋಡಿಕೊಳ್ಳಿ, ಬಣ್ಣ ನೋಡಿ. ಹಸಿರು ಅಥವಾ ಕಂದು ಇದ್ದರೆ ಮಗು ಒಳಗೇ ಮಲ ಮಾಡಿದೆ ಎಂದು, ತಕ್ಷಣ ಹೋಗಬೇಕು.

ಲೋಳೆಯಲ್ಲಿ ಎಳೆಎಳೆಯಾಗಿ ರಕ್ತ ಕಂಡರೆ ಹೆದರಬೇಡಿ, ಬಾಯಿ ಸಡಿಲವಾಗುತ್ತಿದೆ. ನೋವು ಶುರುವಾಗಲು ಇನ್ನೂ ಒಂದೆರಡು ದಿನ ಆಗಲೂಬಹುದು. ಸುಳ್ಳು ನೋವು ನೀರು ಕುಡಿದು ಮಲಗಿದರೆ ಇಳಿಯುತ್ತದೆ. ನಿಜವಾದದ್ದು ಮಲಗಿದರೂ ನಡೆದರೂ ಬಿಡದೆ ಹತ್ತಿರ ಹತ್ತಿರ ಬರುತ್ತದೆ. ಐದು ನಿಮಿಷಕ್ಕೊಂದು, ಒಂದೊಂದೂ ಒಂದು ನಿಮಿಷ, ಹೀಗೆ ಒಂದು ಗಂಟೆ ಆದರೆ ಚೊಚ್ಚಲು ಬಸುರಿ ಹೊರಡಬೇಕು. ಎರಡನೆಯದಾದರೆ, ಆಸ್ಪತ್ರೆ ದೂರವಿದ್ದರೆ ಇನ್ನೂ ಮೊದಲೇ.

41 ವಾರ ತುಂಬಿದರೆ ಮನೆಯ ಉಪಾಯ ಅಲ್ಲಿಗೆ ಮುಗಿಯಿತು. ಅಲ್ಲಿಂದ ಮುಂದೆ ಮಾಸಿನ ಶಕ್ತಿ ಕುಗ್ಗಬಹುದು, ನೀರು ಕಡಿಮೆಯಾಗಬಹುದು, ಮಗು ಒಳಗೇ ತೀರಿಕೊಳ್ಳುವ ಅಪಾಯ ದಿನಕಳೆದಂತೆ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ 41 ವಾರ ತುಂಬಿದವರಿಗೆ ನೋವು ತರಿಸಲು ಹೇಳುತ್ತದೆ. ಮೊದಲು ಡಾಕ್ಟರು ಬೆರಳಿನಿಂದ ನೀರಿನ ಚೀಲವನ್ನು ಬಾಯಿಯ ಅಂಚಿನಿಂದ ಬಿಡಿಸಿ ನೋಡಬಹುದು. ಇದನ್ನು 39 ವಾರದ ನಂತರ ಕೇಳಿಯೂ ಮಾಡಿಸಿಕೊಳ್ಳಬಹುದು. ಒಂದೆರಡು ನಿಮಿಷ ನೋಯುತ್ತದೆ, ಆ ದಿನ ಸ್ವಲ್ಪ ರಕ್ತ ಕಾಣಬಹುದು. ಆಗದಿದ್ದರೆ ಬಾಯಿ ಹಣ್ಣು ಮಾಡುವ ಜೆಲ್ ಅಥವಾ ಮಾತ್ರೆ, ಇಲ್ಲವೇ ಸಣ್ಣ ಬಲೂನು, ಆಮೇಲೆ ಡ್ರಿಪ್ಪು. ಜೆಲ್ ಇಟ್ಟ ಮೇಲೆ ಹೆರಿಗೆಗೆ ಒಂದು ದಿನ, ಕೆಲವೊಮ್ಮೆ ಎರಡು ದಿನವೂ ಹಿಡಿಯುವುದುಂಟು. ಜೊತೆಗೆ ಹೋಗುವವರು ಅಷ್ಟಕ್ಕೆ ತಯಾರಾಗಿ ಹೋಗಿ.