ನೆರಳು ಕಂಡರೆ ಮೀನು ಕಂಡಂತೆ: ಹವಳದ ದ್ವೀಪದಲ್ಲಿ ಫ್ಲೈ ಗಾಳ

ಗಾಳ ಹಾಕಿ ದಡದಲ್ಲಿ ಕೂತು ಕಾಯುವುದು ನಮಗೆಲ್ಲ ಗೊತ್ತು. ಮೊಣಕಾಲುದ್ದದ ಉಪ್ಪುನೀರಿನಲ್ಲಿ ನಡೆಯುತ್ತ ಮೀನನ್ನು ಹುಡುಕಿ, ಕಂಡ ಮೀನಿಗೇ ‘ಫ್ಲೈ’, ಅಂದರೆ ಕೊಕ್ಕೆಗೆ ಗರಿ, ನೂಲು ಕಟ್ಟಿ ಮಾಡಿದ ಹುಸಿ ಎರೆ, ಎಸೆಯುವುದು ಬೇರೆಯೇ ಆಟ. ಪೆಸಿಫಿಕ್ ನಡುವಿನ ಕಿರಿಬಾಸ್ ದೇಶದ ಕ್ರಿಸ್‌ಮಸ್ ದ್ವೀಪ ಇದಕ್ಕೆ ಹೆಸರುವಾಸಿ. ಅಲ್ಲಿಯವರು ಬರೆಯುವುದು ‘ಕಿರಿಟಿಮಾಟಿ’. ‘ಟಿ’ ಬರೆದಲ್ಲಿ ‘ಸ್’ ಎಂದು ಓದುವುದು ಅವರ ಭಾಷೆಯ ರೂಢಿ, ಹಾಗಾಗಿ ಅದೂ ಕ್ರಿಸ್‌ಮಸ್ಸೇ. 1777ರ ಡಿಸೆಂಬರ್ 24ರಂದು ಕ್ಯಾಪ್ಟನ್ ಕುಕ್ ಕಂಡ ದ್ವೀಪ. ಹಿಂದೂ ಮಹಾಸಾಗರದಲ್ಲಿ ಆಸ್ಟ್ರೇಲಿಯಾಕ್ಕೆ ಸೇರಿದ ಇನ್ನೊಂದು ಕ್ರಿಸ್‌ಮಸ್ ದ್ವೀಪವಿದೆ, ಟಿಕೆಟ್ ಮಾಡುವಾಗ ಜೋಪಾನ.

ಇಲ್ಲಿ ಹುಡುಕುವುದು ಬೋನ್‌ಫಿಶ್, ಅಲ್ಲಿಯವರ ಮಾತಿನಲ್ಲಿ ‘ಇಕಾರಿ’. ಉಬ್ಬರದ ಜೊತೆ ಮರಳುಹಾಸಿಗೆ ಬಂದು ಸೀಗಡಿ, ಏಡಿಗಳನ್ನು ಕೆದಕಿ ತಿನ್ನುತ್ತದೆ, ಇಳಿತಕ್ಕೆ ಆಳಕ್ಕೆ ಮರಳುತ್ತದೆ.

ಸಲಕರಣೆ ಹೆಚ್ಚೇನೂ ಬೇಡ. 9 ಅಡಿಯ, 8 ವೇಟ್‌ನ (ಕೋಲು ಎಸೆಯಬಲ್ಲ ಲೈನಿನ ತೂಕದ ಅಂಕ) ಕೋಲು, ಒಳ್ಳೆಯ ಬ್ರೇಕ್ ಇರುವ ರೀಲು, ಅದರಲ್ಲಿ ‘ಲೈನ್’ ಎನ್ನುವ ದಪ್ಪ ದಾರ, ಅದರ ಹಿಂದೆ ಸುಮಾರು 200 ಮೀಟರ್ ತೆಳು ದಾರ. ಮಾಮೂಲಿ ಗಾಳದಲ್ಲಿ ಸೀಸದ ಗುಂಡು ಹಾರಿ ದಾರವನ್ನು ಎಳೆದೊಯ್ಯುತ್ತದೆ. ಇಲ್ಲಿ ಫ್ಲೈಗೆ ಅಷ್ಟು ಭಾರವಿಲ್ಲ, ದಪ್ಪ ಲೈನಿನ ತೂಕವೇ ಅದನ್ನು ಒಯ್ಯಬೇಕು. ಲೈನ್ ಉಷ್ಣವಲಯಕ್ಕೆಂದೇ ಮಾಡಿದ್ದಿರಲಿ. ಚಳಿ ದೇಶದ್ದು ಆ ಬಿಸಿಲಿಗೆ ಮೆತ್ತಗಾಗಿ ಕೋಲಿನ ಬಳೆಗಳಿಗೆ ಅಂಟುತ್ತದೆ. ಲೈನಿನ ತುದಿಗೂ ಫ್ಲೈಗೂ ನಡುವಿನ ಪಾರದರ್ಶಕ ದಾರ, ಅಂದರೆ ಲೀಡರ್, 9ರಿಂದ 12 ಅಡಿ.

ಫ್ಲೈ ಯಾವುದು? ನನ್ನನ್ನು ಕೇಳಿದರೆ ‘ಕ್ರೇಜಿ ಚಾರ್ಲಿ’ ಒಂದೇ ಸಾಕು. ಬಹಾಮಾಸ್‌ನ ಆಂಡ್ರೋಸ್ ದ್ವೀಪದಲ್ಲಿ ಗೈಡ್ ಚಾರ್ಲಿ ಸ್ಮಿತ್ ಜೊತೆ ಮೀನು ಹಿಡಿಯುತ್ತಿದ್ದ ಬಾಬ್ ನೌಹೈಮ್ 1970ರ ದಶಕದಲ್ಲಿ ಕಟ್ಟಿದ ಸೀಗಡಿಯಂಥ ಫ್ಲೈ ಇದು. ಕೊಕ್ಕೆಯ ಕೊರಳಲ್ಲಿ ಎರಡು ಲೋಹದ ಮಣಿಗಳು, ಅವೇ ಕಣ್ಣು. ಆ ಭಾರಕ್ಕೆ ಫ್ಲೈ ಮಗುಚಿ, ಮೊನೆ ಮೇಲ್ಮುಖವಾಗಿ ಮರಳಿಗೆ ಇಳಿಯುತ್ತದೆ. ಹೀಗಾಗಿ ಕಲ್ಲಿಗೂ ಹವಳಕ್ಕೂ ಸಿಕ್ಕಿಕೊಳ್ಳುವುದು ಕಡಿಮೆ. ಬಿಳಿ ಮರಳಿಗೆ ಮಾಸಲು ಗುಲಾಬಿ, ಕಂದು ಹೊಂದುತ್ತದೆ.

ದುಡ್ಡು ಉಳಿಸಬಾರದ ವಸ್ತು ಪೋಲರೈಸ್ಡ್ ಕನ್ನಡಕ. ನೀರಿನ ಮೇಲಿನ ಝಳಪು ಹೋಗದೆ ಏನೂ ಕಾಣದು. ಅದು ಹೋದರೂ ಮೊದಲ ದಿನ ನನಗೆ ಕಂಡದ್ದು ಬರೀ ನೀರು. ಬೋನ್‌ಫಿಶ್‌ನ ಮೈ ಕನ್ನಡಿ, ಮರಳಿನ ಮೇಲಿದ್ದರೆ ಮರಳಿನ ಬಣ್ಣ. ಪಕ್ಕದಲ್ಲಿದ್ದ ಗೈಡ್ ಕೈಚಾಚಿ “ಹನ್ನೊಂದು ಗಂಟೆ, ನಲವತ್ತು ಅಡಿ” ಎನ್ನುತ್ತಿದ್ದ. ನಿಮ್ಮ ನೇರಕ್ಕೆ ಹನ್ನೆರಡು ಗಂಟೆ, ಬಲಗೈಗೆ ಮೂರು, ಎಡಗೈಗೆ ಒಂಬತ್ತು. ಎರಡನೇ ದಿನ ಗುಟ್ಟು ತಿಳಿಯಿತು: ಮೀನನ್ನು ಹುಡುಕಬಾರದು, ತಳದ ಮೇಲೆ ಸರಿಯುವ ನೆರಳನ್ನು ಹುಡುಕಬೇಕು. ಕದಲದ್ದು ಕಲ್ಲು, ಕದಲಿದ್ದು ಮೀನು.

ಅಲ್ಲಿ ಗಾಳಿ ಹೆಚ್ಚಾಗಿ ಪೂರ್ವದ ಕಡೆಯಿಂದ. ಬೆಳಿಗ್ಗೆ ಪಡುವಣಕ್ಕೆ ಮುಖಮಾಡಿ ನಡೆದರೆ ಸೂರ್ಯನೂ ಗಾಳಿಯೂ ಬೆನ್ನಿಗಿರುತ್ತವೆ. ಮಧ್ಯಾಹ್ನದ ಮೇಲೆ ಎರಡರಲ್ಲೊಂದನ್ನೇ ಆರಿಸಿಕೊಳ್ಳಬೇಕು. ನಾನಾದರೆ ಸೂರ್ಯನನ್ನು ಬೆನ್ನಿಗಿಟ್ಟು ಗಾಳಿಯ ಜೊತೆ ಗುದ್ದಾಡುತ್ತೇನೆ. ಪಾದ ಎತ್ತಿ ಇಡಬೇಡಿ, ಮರಳಿಗೆ ಉಜ್ಜುತ್ತ ನಡೆಯಿರಿ. ಮರಳಲ್ಲಿ ಹುದುಗಿದ ತೊರಕೆ ಮೀನು ಸದ್ದಿಗೆ ಸರಿದುಹೋಗುತ್ತದೆ. ತುಳಿದರೆ ಬಾಲದ ಮುಳ್ಳು ಬಿಡುವುದಿಲ್ಲ.

ದೂರ ಎಸೆಯುವ ಚಪಲ ಬೇಡ. ನಲವತ್ತು ಐವತ್ತು ಅಡಿಗೆ ಗುರಿ ತಪ್ಪದಂತೆ ಎಸೆದರೆ ಸಾಕು. ಹೊರಡುವ ಮೊದಲು ಊರಿನ ಮೈದಾನದಲ್ಲಿ ಊಟದ ತಟ್ಟೆಯೊಂದನ್ನಿಟ್ಟು, ಗಾಳಿ ಬೀಸುವ ಹೊತ್ತಿನಲ್ಲೇ ಅಭ್ಯಾಸ ಮಾಡಿ. ಫ್ಲೈ ಬೀಳಬೇಕಾದ್ದು ಮೀನಿನ ತಲೆಯ ಮೇಲಲ್ಲ, ಅದು ಹೋಗುತ್ತಿರುವ ದಾರಿಯಲ್ಲಿ ನಾಲ್ಕೈದು ಅಡಿ ಮುಂದೆ. ತಳಕ್ಕೆ ಇಳಿಯಲು ಬಿಡಿ. ಮೀನು ಹತ್ತಿರ ಬಂದಾಗ ಎಡಗೈಯಿಂದ ಲೈನನ್ನು ಗೇಣುಗೇಣಾಗಿ ಎಳೆಯಿರಿ, ಸೀಗಡಿ ಜಿಗಿದು ಓಡಿದ ಹಾಗೆ. ಮೀನು ಬೆನ್ನಟ್ಟಿ, ತಲೆ ತಗ್ಗಿಸಿ, ಬಾಲ ಎತ್ತಿತೆಂದರೆ ಫ್ಲೈ ಬಾಯಿಗೆ ಹೋಗಿದೆ ಅಂದುಕೊಳ್ಳಿ.

ಕೆಡುವುದು ಇಲ್ಲೇ. ಕೆರೆಯಲ್ಲಿ ಗಾಳ ಕಲಿತ ನನ್ನಂಥವರ ಕೈ ಮೀನು ಕಚ್ಚಿದೊಡನೆ ಕೋಲನ್ನು ಮೇಲಕ್ಕೆ ಸೆಳೆಯುತ್ತದೆ. ಫ್ಲೈ ಮೀನಿನ ಮೂತಿಯ ಮುಂದಿನಿಂದ ಹಾರಿ ಬರುತ್ತದೆ, ಮೀನು ಮಾಯ. ಹೀಗೆ ನಾಲ್ಕು ಮೀನು ಕಳೆದುಕೊಂಡೆ. ಐದನೆಯದಕ್ಕೆ ಗೈಡ್ ನನ್ನ ಬಲ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದೇ ನಿಂತ. ಕೋಲಿನ ತುದಿ ನೀರಿನತ್ತಲೇ ಇರಲಿ, ಎಡಗೈಯ ಎಳೆತವನ್ನೇ ಉದ್ದ ಮಾಡಿ. ಲೈನ್ ಬಿಗಿಯಾಗಿ ಮೀನಿನ ಭಾರ ಕೈಗೆ ತಾಗಿದ ಮೇಲಷ್ಟೇ ಕೋಲು ಎತ್ತಬೇಕು.

ಆಮೇಲೆ ಮೀನಿನ ಓಟ. ಕಾಲ ಬಳಿ ಸುರುಳಿ ಬಿದ್ದ ಲೈನ್ ಬೂಟಿಗೋ ರೀಲಿನ ಹಿಡಿಗೋ ಸುತ್ತಿಕೊಳ್ಳದಂತೆ ನೋಡಿ. ಮೊದಲ ಓಟವನ್ನು ತಡೆಯಲು ಹೋದರೆ ಲೀಡರ್ ಕಡಿಯುತ್ತದೆ, ಓಡಲು ಬಿಡಿ.

ಅಲ್ಲಿಯವರಿಗೆ ಇಕಾರಿ ಊಟದ ಮೀನೂ ಹೌದು, ಆದರೆ ಫ್ಲೈ ಗಾಳದವರು ಹಿಡಿದದ್ದನ್ನು ಬಿಟ್ಟುಬಿಡುತ್ತಾರೆ. ಕೊಕ್ಕೆಯ ಹಿಮ್ಮುಳ್ಳನ್ನು ಮೊದಲೇ ಇಕ್ಕುಳದಿಂದ ಅದುಮಿದ್ದರೆ ಬಿಡಿಸುವುದು ಸುಲಭ. ಒದ್ದೆ ಕೈಯಲ್ಲೇ ಮುಟ್ಟಿ, ನೀರಲ್ಲಿಟ್ಟೇ ಬಿಡಿಸಿ. ಬಿಡುವ ಮುನ್ನ ಒಮ್ಮೆ ಸುತ್ತ ನೋಡಿ. ರೆಕ್ಕೆಯ ತುದಿ ಕಪ್ಪಗಿರುವ ಸಣ್ಣ ಶಾರ್ಕ್‌ಗಳು ದಣಿದ ಮೀನಿಗಾಗಿಯೇ ಸುಳಿದಾಡುತ್ತಿರುತ್ತವೆ. ಅವು ಹತ್ತಿರವಿದ್ದರೆ ಮೀನನ್ನು ನೀರಲ್ಲೇ ಹಿಡಿದು ನಿಂತು, ಅದು ತಾನಾಗಿ ಬಾಲ ಬಡಿಯುವ ತನಕ ಕಾಯಿರಿ.