ನಿಮ್ಮ ಸರ್ವೆ ಪ್ರಶ್ನೆ ಅಳೆಯಬೇಕಾದ್ದನ್ನೇ ಅಳೆಯುತ್ತಿದೆಯಾ? ಹೀಗೆ ನೋಡಿ

ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯ ಸ್ನಾತಕೋತ್ತರ) ಪ್ರಾಜೆಕ್ಟ್‌ಗೆ ತೀರ್ಥಹಳ್ಳಿ, ಸಾಗರ ಕಡೆಯ ಹಳ್ಳಿಗೆ ಹೊರಟಿದ್ದೀರಿ ಅಂತಿಟ್ಟುಕೊಳ್ಳಿ. ಮಂಗನ ಕಾಯಿಲೆ ಬಗ್ಗೆ ಜನ ಎಷ್ಟು ಎಚ್ಚರವಾಗಿದ್ದಾರೆ ಅನ್ನೋದು ವಿಷಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ, ಉಣುಗು ಕಚ್ಚಿ ಬರುವ ಈ ಕಾಯಿಲೆಯ ಹೆಸರು ಕೇಳದವರು ಮಲೆನಾಡಲ್ಲಿ ಕಡಿಮೆ. ತೊಂದರೆ ಇರೋದೂ ಅಲ್ಲೇ.

"ಕಾಡಿಗೆ ಹೋಗುವಾಗ ಎಚ್ಚರ ವಹಿಸುತ್ತೀರಾ?" ಅಂತ ಕೇಳಿ. ಹೆಚ್ಚಿನವರು ಹೌದು ಅನ್ನುತ್ತಾರೆ. ಹದಿನೈದು ದಿನ ಬಿಟ್ಟು ಕೇಳಿದರೂ ಹೌದು. ಉತ್ತರ ಬದಲಾಗಲಿಲ್ಲ, ಅಂದರೆ ವಿಶ್ವಾಸಾರ್ಹತೆ ಇದೆ. ಆದರೆ ಆಶಾ ಕಾರ್ಯಕರ್ತೆ ಹೇಳಿದ್ದು ನೆನಪಿದೆಯಾ ಅನ್ನೋದಷ್ಟೇ ನಿಮಗೆ ಗೊತ್ತಾಯಿತು. ಎಚ್ಚರ ಅಳೆಯಲೇ ಇಲ್ಲ. ಸಿಂಧುತ್ವ ಇಲ್ಲ ಅನ್ನೋದು ಇದಕ್ಕೇ, ಮತ್ತು ಇದನ್ನು ಯಾವ ಸಾಫ್ಟ್‌ವೇರೂ ಹಿಡಿದುಕೊಡುವುದಿಲ್ಲ.

ಮೊದಲು ಎಚ್ಚರ ಅಂದರೆ ಏನೇನು ಅಂತ ಬರೆದುಕೊಳ್ಳಿ. ಉಣುಗು ಹತ್ತಿರ ಬರದಂತೆ ಡೇಪಾ ಎಣ್ಣೆ ಹಚ್ಚಿಕೊಳ್ಳೋದು, ಮೈತುಂಬ ಬಟ್ಟೆ ಹಾಕೋದು, ಬಂದ ಮೇಲೆ ಬಿಸಿನೀರು ಸೋಪಲ್ಲಿ ಸ್ನಾನ ಮಾಡೋದು, ಮಂಗ ಸತ್ತಿದ್ದು ಕಂಡರೆ ತಿಳಿಸೋದು. ಈ ಪಟ್ಟಿಯನ್ನು ಪಿ.ಎಚ್.ಸಿ. (ಪ್ರಾಥಮಿಕ ಆರೋಗ್ಯ ಕೇಂದ್ರ) ವೈದ್ಯರಿಗೆ ತೋರಿಸಿ. ಕಾಡಿನಿಂದ ದರಗು (ಒಣಗಿದ ಎಲೆ) ತರುವ ಹೆಂಗಸರಿಗೂ ಓದಿ ಹೇಳಿ. ಕಾಡಿಗೆ ಮೇಯಲು ಹೋದ ದನ ಕೊಟ್ಟಿಗೆಗೆ ಉಣುಗು ಹೊತ್ತು ತರುತ್ತದೆ, ಅದರ ಪ್ರಶ್ನೆ ಎಲ್ಲಿ ಅಂತ ಅವರೇ ಕೇಳಬಹುದು.

ಆಮೇಲೆ ಪ್ರಶ್ನೆ ತಿರುಗಿಸಿ. "ಈ ವಾರ ದರಗಿಗೆ ಹೋಗಿದ್ರಾ? ಹೋಗೋ ಮುಂಚೆ ಕೈಕಾಲಿಗೆ ಏನಾದ್ರೂ ಹಚ್ಕೊಂಡ್ರಾ? ಆ ಬಾಟಲಿ ಸ್ವಲ್ಪ ತೋರಿಸ್ತೀರಾ?" ಸೀಲ್ ಒಡೆಯದ ಬಾಟಲಿ ಜಂತಿ ಸಂದಿಯಿಂದ ಹೊರಗೆ ಬಂದರೆ ಉತ್ತರ ನಿಮ್ಮ ಕಣ್ಣೆದುರೇ ಇದೆ. ಯಾರನ್ನು ಕೇಳುತ್ತೀರಿ ಅನ್ನೋದೂ ಮುಖ್ಯ. ಜಗುಲಿಯಲ್ಲಿ ಕೂತು ಉತ್ತರ ಕೊಡೋರು ಯಜಮಾನರು, ದರಗಿಗೆ ಹೋಗೋರು ಹಿತ್ತಲಲ್ಲಿರುತ್ತಾರೆ. ಕಾಯಿಲೆ ಜಾಸ್ತಿ ಇರೋದು ಡಿಸೆಂಬರ್‌ನಿಂದ ಮೇವರೆಗೆ, ಜುಲೈ ಮಳೆಯಲ್ಲಿ "ಈ ವಾರ" ಅಂತ ಕೇಳಿದರೆ ಏನೂ ಸಿಗುವುದಿಲ್ಲ.

ಇನ್ನು ಲೆಕ್ಕ. ಒಂದೇ ಮನೆಗೆ ಇಬ್ಬರು ಹೋಗಿ ಬೇರೆ ಬೇರೆಯಾಗಿ ಗುರುತು ಹಾಕಿ, ಹೋಲಿಸಲು ಮನಶ್ಶಾಸ್ತ್ರಜ್ಞ ಕೋಹೆನ್ 1960ರಲ್ಲಿ ಕೊಟ್ಟ ಕಪ್ಪಾ ಬಳಸಿ, ಆಕಸ್ಮಿಕ ಹೊಂದಿಕೆಯನ್ನು ಕಳೆದು ಇಬ್ಬರ ಗುರುತು ಎಷ್ಟು ಹೊಂದುತ್ತದೆ ಅಂತ ಹೇಳುವ ಅಳತೆ ಅದು. ಸುಮ್ನೆ ಶೇಕಡಾ ನೋಡಬೇಡಿ, ಎಲ್ಲದಕ್ಕೂ ಹೌದು ಅಂತಿದ್ದರೆ ಆಕಸ್ಮಿಕವಾಗಿಯೂ ಹೊಂದುತ್ತದೆ ಅಲ್ವಾ. ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದಿಕೊಂಡಿವೆ ಅಂತ ಹೇಳುವ ಕ್ರೋನ್‌ಬಾಕ್ ಆಲ್ಫಾ 0.7 ದಾಟಿದರೆ ಸಾಕು ಅನ್ನೋದು ರೂಢಿ, ಆದರೆ ಒಂದೇ ಪ್ರಶ್ನೆಯನ್ನು ಐದು ಥರ ಕೇಳಿದರೂ ಆಲ್ಫಾ ಏರುತ್ತದೆ, ಹಾಗಾಗಿ ಅದನ್ನೇ ನೆಚ್ಚಿಕೊಳ್ಳಬೇಡಿ. ಹದಿನೈದು ದಿನ ಬಿಟ್ಟು ಮತ್ತೆ ಕೇಳುವಾಗ, ಆ ಎರಡು ಸುತ್ತಿನ ನಡುವೆ ಪಕ್ಕದೂರಲ್ಲಿ ಯಾರಾದರೂ ಈ ಕಾಯಿಲೆಯಿಂದ ತೀರಿಕೊಂಡರೆ ಜನರ ನಡವಳಿಕೆಯೇ ಬದಲಾಗುತ್ತದೆ, ಆಗ ಉತ್ತರ ಬೇರೆ ಬಂದರೆ ಪ್ರಶ್ನೆಯನ್ನು ದೂರಬೇಡಿ. ತಾರೀಕು, ಊರಿನ ಸುದ್ದಿ ಎರಡನ್ನೂ ಫಾರಂ ಮೇಲೇ ಬರೆದಿಡಿ.

ಪೈಲಟ್‌ಗೆ, ಅಂದರೆ ಮುಖ್ಯ ಸರ್ವೆಗೆ ಮುಂಚೆ ಪ್ರಶ್ನೆಗಳನ್ನು ಪರೀಕ್ಷಿಸೋಕೆ, ಇಪ್ಪತ್ತು ಮೂವತ್ತು ಮನೆ ನೋಡಿ. ಆ ಮನೆಗಳು ಮುಖ್ಯ ಸ್ಯಾಂಪಲ್‌ನಲ್ಲಿ ಮತ್ತೆ ಬರಬಾರದು.