ದಿಂಬಂ ಘಾಟಿ ಇಳಿಯುವವರು ಎಕ್ಸಾಸ್ಟ್ ಬ್ರೇಕ್ ಬಗ್ಗೆ ಇಷ್ಟು ತಿಳಿದುಕೊಳ್ಳಿ

ತಾಳವಾಡಿ, ಹಾಸನೂರು ಕಡೆಯಿಂದ ಲೋಡ್ ತುಂಬಿಕೊಂಡು ಬಣ್ಣಾರಿಗೆ ಇಳಿಯುವ ಡ್ರೈವರ್ ಅಣ್ಣಂದಿರೇ, ದಿಂಬಂನ 27 ಹೇರ್‌ಪಿನ್ ತಿರುವುಗಳನ್ನೂ ಬರೀ ಕಾಲು ಬ್ರೇಕಿನಲ್ಲೇ ಇಳಿಸಬೇಡಿ. ಬ್ರೇಕ್ ಲೈನರ್ ಕಾದರೆ ಬ್ರೇಕ್ ಹಿಡಿಯುವುದಿಲ್ಲ. ಎಕ್ಸಾಸ್ಟ್ ಬ್ರೇಕ್ ಇರುವುದೇ ಇದಕ್ಕೆ.

ಸ್ವಿಚ್ ಹಾಕಿ ಆಕ್ಸಿಲರೇಟರ್ ಬಿಟ್ಟರೆ ಸೈಲೆನ್ಸರ್ ಪೈಪಿನೊಳಗೆ ತಟ್ಟೆಯಂಥ ಒಂದು ವಾಲ್ವ್ ಮುಚ್ಚಿಕೊಳ್ಳುತ್ತದೆ. ಒಳಗೆ ಒತ್ತಡ ಏರಿ ಪಿಸ್ಟನ್‌ಗೆ ತಡೆಯಾಗುತ್ತದೆ, ಆ ತಡೆ ಗೇರ್ ಮೂಲಕ ಹಿಂದಿನ ಚಕ್ರಕ್ಕೆ ಬರುತ್ತದೆ. ಅದಕ್ಕೇ ನ್ಯೂಟ್ರಲ್‌ನಲ್ಲಿ ಇದರಿಂದ ಏನೂ ಉಪಯೋಗವಿಲ್ಲ. ಆರ್‌ಪಿಎಂ, ಅಂದರೆ ಎಂಜಿನ್ ತಿರುಗುವ ವೇಗ, ಜಾಸ್ತಿ ಇದ್ದಷ್ಟೂ ಹಿಡಿತ ಜಾಸ್ತಿ, ಹಾಗಾಗಿ ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿಕೊಳ್ಳಿ, ಆದರೆ ಮೀಟರಿನ ಕೆಂಪು ಗೆರೆ ದಾಟಿಸಬೇಡಿ.

ಈ ಬ್ರೇಕಿನ ಕಂಟ್ರೋಲರ್ ಕಡೆ ತುಂಬಾ ಜನ ಗಮನ ಕೊಡುವುದಿಲ್ಲ. ಆಕ್ಸಿಲರೇಟರ್, ಕ್ಲಚ್, ಆರ್‌ಪಿಎಂ ನೋಡಿಕೊಂಡು ಗಾಳಿಯ ಸೊಲೆನಾಯ್ಡ್ ವಾಲ್ವ್‌ಗೆ (ಪೈಪಿನ ತಟ್ಟೆ ಮುಚ್ಚಿಸಲು ಗಾಳಿ ಬಿಡುವ ಕರೆಂಟ್ ವಾಲ್ವ್) ಕರೆಂಟ್ ಕೊಡುವುದು ಅದೇ. ಕ್ಲಚ್ ಒತ್ತಿದರೆ, ಆರ್‌ಪಿಎಂ ತೀರಾ ಇಳಿದರೆ ಬ್ರೇಕ್ ಬಿಡಿಸುತ್ತದೆ, ಇಲ್ಲದಿದ್ದರೆ ಎಂಜಿನ್ ಆಫ್ ಆಗಿ ತಿರುವಿನಲ್ಲೇ ಸ್ಟೀರಿಂಗ್ ಗಟ್ಟಿಯಾಗಬಹುದು, ಅಲ್ವಾ? ಬ್ರೇಕ್ ಕೆಲಸ ಮಾಡುತ್ತಿಲ್ಲ ಅಂತ ಸುಮ್ನೆ ಬ್ಯಾಟರಿಯಿಂದ ನೇರ ವೈರ್ ಎಳೆಸಬೇಡಿ, ದಯವಿಟ್ಟು. ಮೊದಲು ಫ್ಯೂಸ್, ಕ್ಲಚ್ ಪೆಡಲಿನ ಸ್ವಿಚ್, ಗಾಳಿ ಪೈಪ್ ಲೀಕ್ ನೋಡಿಸಿ. ಮಸಿ ಕಟ್ಟಿ ಸೈಲೆನ್ಸರ್ ಪೈಪಿನ ವಾಲ್ವ್ ಅಂಟಿಕೊಳ್ಳುವುದೂ ಉಂಟು. ಅರ್ಧ ಮುಚ್ಚಿಯೇ ನಿಂತರೆ ಘಾಟಿ ಹತ್ತುವಾಗ ಗಾಡಿ ಎಳೆಯುವುದೇ ಇಲ್ಲ, ಕಪ್ಪು ಹೊಗೆ ಬೇರೆ.

ಮಳೆಯಲ್ಲಿ ಖಾಲಿ ಗಾಡಿ ಇಳಿಸುವಾಗ ಮಾತ್ರ ಸ್ವಿಚ್ ಆಫ್ ಮಾಡಿಬಿಡಿ, ಹಿಂದಿನ ಚಕ್ರ ಜಾರಬಹುದು.